ಕಾರ್ಡ್ ಕೊಟ್ಟರೆ ಸಾಕಾ, ಆಸ್ಪತ್ರೆನೂ ನಡೆಸಬೇಕಾ? ಆರೋಗ್ಯ ವಿಮೆಯಲ್ಲಿ ಸರ್ಕಾರದ ಪಾಲು ಎಷ್ಟಿರಬೇಕು?

ಕೌಲ್‌ಬಜಾರ್ ಹೊಲಿಗೆ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಜೀನ್ಸ್ ಹೊಲಿಯುವ ಸಣ್ಣ ಯೂನಿಟ್ ನಡೆಸುತ್ತೇನೆ. ಈ ವಾರ ನಮ್ಮ ಮನೆಯ ಆರೋಗ್ಯ ವಿಮೆ ರಿನೀವಲ್‌ಗೆ ಬಂತು. ಅವ್ವನಿಗೆ ಶುಗರ್, ಬಿಪಿ ಎರಡೂ ಇವೆ. ಅವರೊಬ್ಬರ ಕಂತೇ ನಾನು, ಹೆಂಡತಿ, ಇಬ್ಬರು ಮಕ್ಕಳು ಸೇರಿ ಕಟ್ಟುವುದಕ್ಕಿಂತ ಜಾಸ್ತಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳ ಮೇಲಿನ ಶೇ. 18 ಜಿಎಸ್‌ಟಿ ತೆಗೆದರು ಅಂತ ಖುಷಿಪಟ್ಟಿದ್ದೆ. ಈಗ ನೋಡಿದರೆ ಮೂಲ ಕಂತೇ ಏರಿ ಕೂತಿದೆ.

ನನ್ನ ಹತ್ತಿರ ಹೊಲಿಯುವ ಹುಡುಗರಿಗೆಲ್ಲ ಬಿಪಿಎಲ್ ಕಾರ್ಡ್ ಇದೆ. ಅವರ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ನನ್ನದು ಎಪಿಎಲ್. ನನಗೆ ಸರ್ಕಾರದ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ದರದ, ಶೇ. 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಹೊಟ್ಟೆಕಿಚ್ಚಿಲ್ಲ, ಅವರಿಗೆ ಸಿಗಬೇಕು. ಆದರೆ ನಾನೇನು ಸಾಹುಕಾರನಾ? ಆರ್ಡರ್ ನಿಂತರೆ ನಾನೂ ಅವರ ಪಕ್ಕದಲ್ಲೇ ಕೂರುವವನು.

ಮೊನ್ನೆ ಇದೇ ಮಾತಿಗೆ ಗೆಳೆಯರಲ್ಲಿ ಜೋರು ವಾದ ಆಯಿತು. ಒಬ್ಬ, ಎಲ್ಲರಿಗೂ ಸರ್ಕಾರವೇ ವಿಮೆ ಕೊಡಲಿ ಎಂದ. ಇನ್ನೊಬ್ಬ, ಸರ್ಕಾರ ಕೈ ಹಾಕಿದ್ದೆಲ್ಲ ಕೆಡುತ್ತೆ ಎಂದ. ನಿಮ್ಮ ಅಭಿಪ್ರಾಯ ಏನು? ಸುಮ್ನೆ ಪಕ್ಷದ ಜಗಳ ಬೇಡ, ಗೊತ್ತಿರುವುದನ್ನು ಹೇಳಿ.

ವಿಮೆ ಏಜೆಂಟ್, ಸಿರುಗುಪ್ಪ

ಅಣ್ಣ, ನಾನು ಈ ಕೆಲಸದವನೇ. ಹಾಗಾಗಿ ನನ್ನ ಮಾತನ್ನು ಸ್ವಲ್ಪ ತಳ್ಳಿ ಹಾಕಿಯೇ ಓದಿ. ನನ್ನ ಲೆಕ್ಕದಲ್ಲಿ ಸರ್ಕಾರ ನಿಯಮ ಮಾಡಬೇಕು, ವ್ಯಾಪಾರಕ್ಕೆ ಇಳಿಯಬಾರದು. ನಿಯಮ ಗಟ್ಟಿ ಇದ್ದರೆ ಕೆಲಸ ಆಗುತ್ತೆ. 2024ರಲ್ಲಿ ವಿಮಾ ಕಂಪನಿಗಳನ್ನು ನಿಯಂತ್ರಿಸುವ ಪ್ರಾಧಿಕಾರ ಐಆರ್‌ಡಿಎಐ ಏನೇನು ಮಾಡಿತು ನೋಡಿ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ನಾಲ್ಕು ವರ್ಷದಿಂದ ಮೂರಕ್ಕೆ ಇಳಿಯಿತು. ಐದು ವರ್ಷ ಬಿಡದೆ ಕಂತು ಕಟ್ಟಿದವರ ಕ್ಲೇಮನ್ನು, ಮೋಸ ಸಾಬೀತಾಗದ ಹೊರತು, ಹಳೇ ಕಾಯಿಲೆ ಮುಚ್ಚಿಟ್ಟಿದ್ದಿರಿ ಅಂತ ತಳ್ಳುವಂತಿಲ್ಲ. ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜ್‌ಗೆ ಮೂರು ಗಂಟೆಯೊಳಗೆ ಉತ್ತರ ಕೊಡಬೇಕು. 2025ರ ಜನವರಿಯಲ್ಲಿ ಇನ್ನೊಂದು ಆದೇಶ ಬಂತು. ಹಿರಿಯ ನಾಗರಿಕರ ಕಂತನ್ನು ವರ್ಷಕ್ಕೆ ಶೇ. 10ಕ್ಕಿಂತ ಜಾಸ್ತಿ ಏರಿಸಬೇಕಾದರೆ ಮೊದಲು ಪ್ರಾಧಿಕಾರವನ್ನು ಕೇಳಬೇಕು. ಅವ್ವನ ಕಂತು ಎಷ್ಟು ಏರಿದೆ ಅಂತ ಹೋದ ವರ್ಷದ ರಸೀದಿ ಇಟ್ಟು ನೋಡಿ. ಅವರಿಗೆ 60 ತುಂಬಿದ್ದರೆ ಈ ಆದೇಶ ಅನ್ವಯಿಸುತ್ತೆ.

ಸಿಸ್ಟರ್, ಗಂಗಾವತಿ

ಸರ್ಕಾರ ವ್ಯಾಪಾರಕ್ಕೆ ಇಳಿಯಬಾರದು ಅಂದಿರಿ. ನಮ್ಮ ರಾಜ್ಯದ ಯೋಜನೆಯಲ್ಲಿ ಕಂತೇ ಇಲ್ಲ, ನಡುವೆ ವಿಮಾ ಕಂಪನಿಯೂ ಇಲ್ಲ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಆಸ್ಪತ್ರೆಗೆ ನೇರವಾಗಿ ದುಡ್ಡು ಕೊಡುತ್ತೆ. 2008ರಲ್ಲಿ ಬಂದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯಲ್ಲಿ ಕಂಪನಿ ಇತ್ತು. ಐದು ಜನರ ಕುಟುಂಬಕ್ಕೆ 30 ಸಾವಿರದ ಸ್ಮಾರ್ಟ್ ಕಾರ್ಡ್ ಕೊಟ್ಟಿದ್ದರು. ಕಾರ್ಡ್ ಇನ್ನೂ ಕೆಲವರ ಟ್ರಂಕಿನಲ್ಲಿ ಸಿಗುತ್ತೆ.

ನಾನು ಕೆಲಸ ಮಾಡುವ ಖಾಸಗಿ ಆಸ್ಪತ್ರೆಯಲ್ಲಿ ಯೋಜನೆಯ ಕಾಗದಪತ್ರ ನೋಡುವ ಆರೋಗ್ಯ ಮಿತ್ರರ ಟೇಬಲ್ ನಮ್ಮ ವಾರ್ಡಿನ ಎದುರಿಗೇ ಇದೆ. ದಿನಾ ನೋಡುತ್ತೇನೆ. ಮುದುಕಿಯೊಬ್ಬಳು ಸೊಂಟದ ಮೂಳೆ ಮುರಿದು ಬರುತ್ತಾಳೆ ಅಂದುಕೊಳ್ಳಿ. ಮಗ ರೇಷನ್ ಕಾರ್ಡ್ ತೆಗೆಯುತ್ತಾನೆ. ಮಡಚಿ ಮಡಚಿ ನಾಲ್ಕು ತುಂಡಾಗಿದೆ, ಟೇಪ್ ಹಚ್ಚಿದೆ. ಅದರಲ್ಲಿ ಹನುಮವ್ವ, ಆಧಾರ್‌ನಲ್ಲಿ ಹನುಮಮ್ಮ. ಬೆರಳಚ್ಚು ಬೀಳಲ್ಲ, ಹೊಲದ ಕೆಲಸ ಮಾಡಿ ಮಾಡಿ ಗೆರೆ ಸವೆದಿವೆ. ಇದೆಲ್ಲ ದಾಟಿದ ಮೇಲೆ ದೊಡ್ಡ ಪ್ರಶ್ನೆ ಬರುತ್ತೆ: ರೆಫರಲ್ ಚೀಟಿ ಎಲ್ಲಿ? ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗೆ ನೇರ ಬರಬಹುದು. ಮಿಕ್ಕಿದ್ದಕ್ಕೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗಲ್ಲ ಅಂತ ಬರೆದುಕೊಟ್ಟರೆ ಮಾತ್ರ ಖಾಸಗಿಗೆ. ಭಾನುವಾರ ಚೀಟಿ ಬರೆಯುವ ಡಾಕ್ಟರ್ ಸಿಗದಿದ್ದರೆ ಮುದುಕಿ ಸೋಮವಾರದ ತನಕ ಸ್ಟ್ರೆಚರ್ ಮೇಲೆ.

ನಿಯಮ ಮಾಡಿದವರ ಲೆಕ್ಕ ತಪ್ಪಲ್ಲ. ಚೀಟಿ ಇಲ್ಲದಿದ್ದರೆ ಎಲ್ಲರೂ ಖಾಸಗಿಗೇ ಓಡುತ್ತಾರೆ, ಸರ್ಕಾರಿ ಆಸ್ಪತ್ರೆ ಖಾಲಿ ಹೊಡೆಯುತ್ತೆ. ಆದರೆ ತಾಲೂಕಿನಲ್ಲಿ ಮೂಳೆ ಡಾಕ್ಟರ್ ಇಲ್ಲದ ಕಡೆ ಆ ಚೀಟಿಯಿಂದ ಏನು ಪ್ರಯೋಜನ ಹೇಳಿ?

ಒಪೆಕ್ ರೋಡ್, ರಾಯಚೂರು

ಸಿಸ್ಟರ್ ಸರಿಯಾದ ಜಾಗಕ್ಕೆ ಕೈ ಇಟ್ಟರು. ನಮ್ಮೂರಿನ ಕಥೆ ಕೇಳಿ. ತೈಲ ಮಾರುವ ಒಪೆಕ್ ದೇಶಗಳ ನೆರವಿನಿಂದ ರಾಯಚೂರಿಗೆ 350 ಹಾಸಿಗೆಯ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬಂತು. ಇವತ್ತಿಗೂ ಆಟೋದವರಿಗೆ ಒಪೆಕ್ ಅಂದರೇ ಗೊತ್ತಾಗೋದು. ಅದನ್ನು ನಡೆಸಲು ಅಪೊಲೊಗೆ ಕೊಟ್ಟರು. ಒಪ್ಪಂದ ಮುಗಿದ ಮೇಲೆ ಸರ್ಕಾರಕ್ಕೇ ವಾಪಸ್ ಬಂತು, ಈಗ ಇಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು ರಿಮ್ಸ್ ಕೆಳಗಿದೆ. ಅಂದರೆ ಖಾಸಗಿಯವರೂ ನಡೆಸಿ ನೋಡಿದರು, ಸರ್ಕಾರವೂ ನಡೆಸಿ ನೋಡುತ್ತಿದೆ. ಅಷ್ಟು ದೊಡ್ಡ ಕಟ್ಟಡ ಎದುರಿಗಿದ್ದರೂ ಹೃದಯ, ನರ, ಕ್ಯಾನ್ಸರ್ ಅಂದ ಕೂಡಲೇ ನಮ್ಮ ಜನ ಹೈದರಾಬಾದ್ ರೈಲು ಹತ್ತುತ್ತಾರೆ. ಇಲ್ಲವೇ ಕಲಬುರಗಿಯ ಜಯದೇವ, ಕಿದ್ವಾಯಿ.

ಏಮ್ಸ್ ಬೇಕು ಅಂತ 2022ರ ಮೇ 13ರಿಂದ ಇಲ್ಲಿ ಧರಣಿ ಶುರುವಾಯಿತು. ಸಾವಿರ ದಿನ ದಾಟಿ ನಡೆಯಿತು. ಅಲ್ಲಿ ಕೂತವರು ಯಾರೂ ವಿಮೆ ಕೊಡಿ ಅಂತ ಕೇಳಲಿಲ್ಲ, ಡಾಕ್ಟರ್ ಕೊಡಿ ಅಂತ ಕೇಳಿದರು. 5 ಲಕ್ಷದ ಕಾರ್ಡನ್ನು ಜೇಬಲ್ಲಿಟ್ಟುಕೊಂಡು ಹೈದರಾಬಾದ್‌ಗೆ ಹೋಗುವವನಿಗೆ ರೈಲು, ಊಟ, ಜೊತೆಗೆ ಬಂದವನ ಕೂಲಿ ಯಾರು ಕೊಡುತ್ತಾರೆ?

ಮೇಷ್ಟ್ರು, ಲಿಂಗಸುಗೂರು

ರಾಯಚೂರಿನ ಅಣ್ಣನ ಸಿಟ್ಟು ಅರ್ಥವಾಗುತ್ತೆ. ಆದರೆ ಕಾರ್ಡಿನಿಂದ ಏನೂ ಆಗಲಿಲ್ಲ ಅನ್ನುವ ಧಾಟಿ ಬೇಡ. ಈ ವಿಷಯದಲ್ಲಿ ನಮ್ಮ ಭಾಗಕ್ಕೇ ಒಂದು ಇತಿಹಾಸ ಇದೆ, ಅದು ನಮಗೇ ಮರೆತಿದೆ.

2007ರ ಏಪ್ರಿಲ್‌ನಲ್ಲಿ ಆಂಧ್ರದವರು ರಾಜೀವ್ ಆರೋಗ್ಯಶ್ರೀ ಶುರು ಮಾಡಿದರು. ಮೊದಲ ಹಂತದ ಮೂರು ಜಿಲ್ಲೆಗಳಲ್ಲಿ ಎರಡು ನಮಗೆ ಅಂಟಿಕೊಂಡೇ ಇದ್ದವು: ರಾಯಚೂರಿನ ಆಚೆ ಮಹಬೂಬ್‌ನಗರ, ಬಳ್ಳಾರಿಯ ಆಚೆ ಅನಂತಪುರ. ಗಡಿಯ ಈಚೆ ಸಂಬಂಧಿಕರು ಇದ್ದೇ ಇರುತ್ತಾರಲ್ಲ, ಆಪರೇಷನ್ ಪುಕ್ಕಟೆ ಆಯಿತಂತೆ ಅನ್ನುವ ಮಾತು ಇಲ್ಲಿಗೂ ಬಂತು. ಆಮೇಲೆ ಕರ್ನಾಟಕ ವಾಜಪೇಯಿ ಆರೋಗ್ಯಶ್ರೀ ಮಾಡಿತು. ಅದು 2010ರಲ್ಲಿ ಮೊದಲು ಜಾರಿಯಾಗಿದ್ದು ಬೆಂಗಳೂರಲ್ಲಲ್ಲ, ನಮ್ಮ ಗುಲ್ಬರ್ಗ ವಿಭಾಗದಲ್ಲಿ. ಹೆಸರು ನೋಂದಾಯಿಸುವ ತಾಪತ್ರಯ ಇಲ್ಲ, ಕಂತಿಲ್ಲ, ಬಿಪಿಎಲ್ ಕಾರ್ಡ್ ಇದ್ದರೆ ಆಯಿತು. ಹಳ್ಳಿಗಳಲ್ಲಿ ಶಿಬಿರ ಮಾಡಿ ತಪಾಸಣೆ ಮಾಡಿ ರೋಗಿಗಳನ್ನು ಕಳಿಸುತ್ತಿದ್ದರು.

ಯೋಜನೆ ಬಂದ ಹಳ್ಳಿ, ಇನ್ನೂ ಬರದ ಹಳ್ಳಿ, ಯೋಜನೆಯ ಗಡಿಯ ಎರಡೂ ಬದಿ ಸೇರಿಸಿ 572 ಹಳ್ಳಿಗಳನ್ನು ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆಯಲ್ಲಿದ್ದ ಕಾಯಿಲೆಗಳಿಂದ, ಹೆಚ್ಚಾಗಿ ಹೃದಯ ಮತ್ತು ಕ್ಯಾನ್ಸರ್, ಆದ ಸಾವು ಯೋಜನೆ ಇದ್ದ ಕಡೆಯ ಬಡ ಕುಟುಂಬಗಳಲ್ಲಿ ಶೇ. 0.32. ಇಲ್ಲದ ಕಡೆ ಶೇ. 0.90. ಆಸ್ಪತ್ರೆಗೆ ಕೈಯಿಂದ ಕಟ್ಟುವ ದುಡ್ಡೂ ಮೂರನೇ ಒಂದು ಭಾಗದಷ್ಟು ಇಳಿದಿತ್ತು. ನಮ್ಮ ಕಡೆಯ ಹಳ್ಳಿ ಜನ ಬದುಕಿ ಉಳಿದ ಲೆಕ್ಕ ಇದು. ಆ ಆಸ್ಪತ್ರೆಗಳಲ್ಲಿ ಹೆಚ್ಚಿನವು ನಮ್ಮ ಜಿಲ್ಲೆಯಲ್ಲಿರಲಿಲ್ಲ, ನಿಜ. ಆದರೂ ಜನ ಹೋದರು, ಉಳಿದರು.

ಇನ್ನೊಂದು ಮಾತು. ನನ್ನಂಥ ನೌಕರರಿಗೆ ಆರೋಗ್ಯ ಸಂಜೀವಿನಿ ಅಂತ ಸಂಬಳದಲ್ಲೇ ವಂತಿಗೆ ಹಿಡಿದು ಸರ್ಕಾರವೇ ನೋಡಿಕೊಳ್ಳುತ್ತೆ. ಸರ್ಕಾರ ದೂರ ಇರಲಿ ಅಂತ ವಾದ ಮಾಡುವ ನೌಕರರನ್ನು ಕಂಡರೆ ನನಗೆ ನಗು ಬರುತ್ತೆ.

ಒಪೆಕ್ ರೋಡ್, ರಾಯಚೂರು

ಮೇಷ್ಟ್ರೇ, ಬದುಕಿದವರ ಲೆಕ್ಕಕ್ಕೆ ತಕರಾರಿಲ್ಲ. ಆದರೆ ಆ ದುಡ್ಡೆಲ್ಲ ಯಾವ ಊರಿನ ಆಸ್ಪತ್ರೆಗೆ ಹೋಯಿತು? ಅದರಲ್ಲಿ ಅವರು ಇನ್ನೊಂದು ಅಂತಸ್ತು ಕಟ್ಟಿದರು. ನಮ್ಮಲ್ಲಿ ಅದೇ ಹಳೇ ಕಟ್ಟಡ.

ಲೆಕ್ಕಪತ್ರ, ಸತ್ಯನಾರಾಯಣಪೇಟೆ, ಬಳ್ಳಾರಿ

ವೃತ್ತಿಯಲ್ಲಿ ಆಡಿಟರ್. ಹಾಗಾಗಿ ಕಹಿ ಮಾತು.

ಬಿಲ್ಲನ್ನು ಬೇರೆಯವರು ಕಟ್ಟುವಾಗ ರೋಗಿಯೂ ಕೇಳಲ್ಲ, ಡಾಕ್ಟರೂ ಕೇಳಲ್ಲ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ 2023ರ ವರದಿಯಲ್ಲಿ ಆಯುಷ್ಮಾನ್ ಭಾರತ್‌ನ ಸುಮಾರು ಏಳೂವರೆ ಲಕ್ಷ ಫಲಾನುಭವಿಗಳಿಗೆ ಒಂದೇ ಮೊಬೈಲ್ ನಂಬರ್ ಇತ್ತು: ಹತ್ತೂ ಅಂಕಿ ಒಂಬತ್ತು. ಸತ್ತವರ ಹೆಸರಲ್ಲಿ ಚಿಕಿತ್ಸೆ ಮುಂದುವರಿದ ಪ್ರಕರಣಗಳೂ ಅದೇ ವರದಿಯಲ್ಲಿವೆ. ಸ್ಮಾರ್ಟ್ ಕಾರ್ಡ್ ಕಾಲದಲ್ಲಿ ಬಿಹಾರ, ಛತ್ತೀಸ್‌ಗಡದಲ್ಲಿ ಬೇಡದಿದ್ದರೂ ಗರ್ಭಕೋಶ ತೆಗೆದ ಹಗರಣ ನೆನಪಿರಬೇಕು. ಕಾರ್ಡಿನಲ್ಲಿ ದುಡ್ಡಿದೆ ಅಂತ ಗೊತ್ತಾದರೆ ಕತ್ತರಿ ತಾನೇ ಹುಡುಕಿಕೊಂಡು ಬರುತ್ತೆ.

ಎರಡನೇದು, ಯಾರ ದುಡ್ಡು ಅನ್ನುವುದು. ಸಂವಿಧಾನದಲ್ಲಿ ಸಾರ್ವಜನಿಕ ಆರೋಗ್ಯ ರಾಜ್ಯಪಟ್ಟಿಯಲ್ಲಿದೆ, ವಿಮೆ ಕೇಂದ್ರಪಟ್ಟಿಯಲ್ಲಿದೆ. ಆಯುಷ್ಮಾನ್‌ಗೆ ಕೇಂದ್ರ 60, ರಾಜ್ಯ 40 ಅಂತ ಲೆಕ್ಕ. ಆದರೆ ಕೇಂದ್ರ ತನ್ನ ಪಾಲು ಎಣಿಸಿದ್ದು 2011ರ ಗಣತಿಯ ಬಡ ಕುಟುಂಬಗಳಿಗೆ. ನಮ್ಮ ರಾಜ್ಯದ ಬಿಪಿಎಲ್ ಪಟ್ಟಿ ಅದಕ್ಕಿಂತ ಎಷ್ಟೋ ದೊಡ್ಡದು. ಹೆಚ್ಚಿನವರ ಖರ್ಚು ಪೂರ್ತಿ ರಾಜ್ಯದ ಮೇಲೆ. ಕಾರ್ಡಿನ ಮೇಲೆ ಫೋಟೋ ಯಾರದ್ದು ಅನ್ನುವ ಜಗಳದಲ್ಲಿ ಈ ಲೆಕ್ಕ ಯಾರೂ ಹೇಳಲ್ಲ.

ಕಾರಟಗಿ ಅಕ್ಕ

ಬಿಪಿಎಲ್ ಪಟ್ಟಿ ದೊಡ್ಡದು ಅಂತ ಹೇಳೋದು ಸುಲಭ ಸರ್. 2024ರ ನವೆಂಬರ್‌ನಲ್ಲಿ ಕಾರ್ಡ್ ರದ್ದು ಮಾಡುವ ಗಲಾಟೆಯಲ್ಲಿ ನಮ್ಮ ಓಣಿಯ ಎಷ್ಟೋ ಮನೆಗಳ ಕಾರ್ಡ್ ಎಪಿಎಲ್ ಆಗಿತ್ತು. ಆಮೇಲೆ ವಾಪಸ್ ಕೊಟ್ಟರು. ಎಲ್ಲರೂ ಅಕ್ಕಿ ಹೋಯಿತು ಅಂತ ಅತ್ತರು. ಆ ದಿನಗಳಲ್ಲಿ ಯಾರಿಗಾದರೂ ಹಾರ್ಟ್ ಆಪರೇಷನ್ ಬಂದಿದ್ದರೆ ಏನು ಗತಿ? ವರ್ಷಕ್ಕೆ 1.20 ಲಕ್ಷದ ಗೆರೆ ಹಾಕಿದ್ದಾರೆ. ರೈಸ್ ಮಿಲ್ಲಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿದರೆ ಅಷ್ಟು ದಾಟುತ್ತೆ. ಅಕ್ಕಿಗೆ ಒಂದು ಕಾರ್ಡ್, ಜೀವಕ್ಕೆ ಬೇರೆ ಪಟ್ಟಿ ಅಂತ ಮಾಡಬೇಕು ಅನ್ನೋದು ನನ್ನ ಮಾತು.

ಕೊಪ್ಪಳ ಟು ಟೆಕ್ಸಾಸ್

ಕಾರಟಗಿ ಅಕ್ಕನ ಮಾತು ಓದಿ ನಾನಿರುವ ಊರೇ ನೆನಪಾಯಿತು. ಅಮೆರಿಕದಲ್ಲಿ ಸರ್ಕಾರ ವಿಮೆಯಿಂದ ದೂರ ಇದೆ ಅಂತ ಊರಲ್ಲಿ ಎಲ್ಲರೂ ತಿಳಿದಿದ್ದಾರೆ. ಹಾಗೇನಿಲ್ಲ. 1965ರಲ್ಲೇ ಅಧ್ಯಕ್ಷ ಜಾನ್ಸನ್ ಕಾಲದಲ್ಲಿ 65 ದಾಟಿದವರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಬಂತು. 1972ರ ಕಾಯ್ದೆಯಿಂದ ಕಿಡ್ನಿ ಪೂರ್ತಿ ಕೆಟ್ಟವರಿಗೆ ವಯಸ್ಸು ನೋಡದೆ ಡಯಾಲಿಸಿಸ್ ಖರ್ಚು ಮೆಡಿಕೇರ್ ಕೊಡುತ್ತೆ. ಮಿಕ್ಕವರಿಗೆ ಕೆಲಸ ಕೊಟ್ಟವರ ವಿಮೆ. ಕೆಲಸ ಹೋದರೆ ಅದಕ್ಕೂ ಕುತ್ತು. 2010ರ ಒಬಾಮ ಕಾಯ್ದೆಯ ತನಕ ಒಬ್ಬೊಬ್ಬರಾಗಿ ಪಾಲಿಸಿ ಕೊಳ್ಳಲು ಹೋದವರಿಗೆ ಹಳೇ ಕಾಯಿಲೆ ಇದೆ ಅಂತ ಕಂಪನಿಗಳು ಬಾಗಿಲು ಹಾಕುತ್ತಿದ್ದವು. 2014ರಿಂದ ಹಾಗೆ ಮಾಡುವಂತಿಲ್ಲ.

ಆ ಕಾಯ್ದೆಯಲ್ಲಿ ಮೆಡಿಕೇಡ್ ಗೆರೆ ಮೇಲಕ್ಕೆ ಏರಿಸಲು ಅವಕಾಶ ಇತ್ತು. ನಮ್ಮ ಟೆಕ್ಸಾಸ್ ಒಪ್ಪಲಿಲ್ಲ. ಹಾಗಾಗಿ ಇಲ್ಲೂ ಗೆರೆಯ ಸ್ವಲ್ಪ ಮೇಲೆ ಇರುವವರೇ ಸಿಕ್ಕಿಹಾಕಿಕೊಂಡಿದ್ದಾರೆ. ಪಕ್ಕದ ರಾಜ್ಯ ನ್ಯೂ ಮೆಕ್ಸಿಕೊದಲ್ಲಿದ್ದರೆ ಸಿಗುತ್ತಿತ್ತು. ದೇಶದ ಉತ್ಪನ್ನದ ಆರನೇ ಒಂದು ಭಾಗದಷ್ಟು ಆರೋಗ್ಯಕ್ಕೆ ಸುರಿಯುವ ದೇಶ ಇದು. ಸಿರುಗುಪ್ಪದ ಏಜೆಂಟ್ ಸಾಹೇಬ್ರು ಹೇಳುವ ದಾರಿಯಲ್ಲಿ ದೂರ ಹೋದರೆ ಎಲ್ಲಿಗೆ ಮುಟ್ಟುತ್ತೇವೆ ಅಂತ ಇಲ್ಲಿ ಬಂದು ನೋಡಬಹುದು.

ವಿಮೆ ಏಜೆಂಟ್, ಸಿರುಗುಪ್ಪ

ಟೆಕ್ಸಾಸ್ ಅಣ್ಣ, ನಾನು ಬಡವರಿಗೆ ಕೊಡಬೇಡಿ ಅಂತ ಎಲ್ಲಿ ಹೇಳಿದೆ? ಕಟ್ಟುವ ಶಕ್ತಿ ಇರುವವರಿಗೂ ಪುಕ್ಕಟೆ ಬೇಡ ಅಂದೆ.

ತೋರಣಗಲ್ಲು ಶಿಫ್ಟ್

ಯಾರೂ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಹೆಸರೇ ಎತ್ತಲಿಲ್ಲ. 1948ರ ಕಾಯ್ದೆಯಿಂದ ಬಂದಿದ್ದು ಅದು. ಆರೋಗ್ಯ ವಿಮೆ ಅನ್ನುವ ಪದ ಹಳ್ಳಿಗೆ ಬರುವ ಮೊದಲೇ ಕಾರ್ಮಿಕರಿಗೆ ಇತ್ತು. ನಾನು ಕಾಂಟ್ರಾಕ್ಟ್ ಕೆಲಸಗಾರ. ನನ್ನ ಸಂಬಳದಲ್ಲಿ ಶೇ. 0.75 ಹಿಡಿಯುತ್ತಾರೆ, ಮಾಲೀಕರು ಶೇ. 3.25 ಹಾಕುತ್ತಾರೆ. ಒಪಿಡಿ, ಮಾತ್ರೆ, ಹೆರಿಗೆ, ಆಪರೇಷನ್ ಎಲ್ಲಾ ಬರುತ್ತೆ. ಕಾಯಿಲೆ ಬಿದ್ದು ಮನೆಯಲ್ಲಿ ಕೂತರೆ ವರ್ಷಕ್ಕೆ 91 ದಿನದವರೆಗೆ ಶೇ. 70 ಕೂಲಿಯೂ ಉಂಟು. ಯಾವ ಖಾಸಗಿ ಪಾಲಿಸಿ ಇದನ್ನೆಲ್ಲ ಈ ದುಡ್ಡಿಗೆ ಕೊಡುತ್ತೆ ಹೇಳಿ.

ಕಾಟ ಒಂದೇ. ಸಂಬಳದ ಮಿತಿ ತಿಂಗಳಿಗೆ 21 ಸಾವಿರ. 2017ರಿಂದ ಅಲ್ಲೇ ನಿಂತಿದೆ. ಸಂಬಳ ಏರಿತು ಅಂತ ಸ್ವೀಟ್ ಹಂಚಿದವನು ಆ ವಂತಿಗೆ ಅವಧಿ ಮುಗಿದ ಮೇಲೆ ಇಎಸ್‌ಐ ಕಳಕೊಳ್ಳುತ್ತಾನೆ. ಕೌಲ್‌ಬಜಾರ್ ಅಣ್ಣ, ನಿಮ್ಮ ಯೂನಿಟ್‌ನಲ್ಲಿ ಎಷ್ಟು ಜನ?

ಕೌಲ್‌ಬಜಾರ್ ಹೊಲಿಗೆ, ಬಳ್ಳಾರಿ

ಹತ್ತರ ಒಳಗೆ. ಹತ್ತು ಆದರೆ ಕಾಯ್ದೆ ಒಳಗೆ ಬರುತ್ತೇವೆ ಅಂತ ಗೊತ್ತು. ಬಳ್ಳಾರಿಯ ಜೀನ್ಸ್ ಕೆಲಸದಲ್ಲಿ ಎಷ್ಟೋ ಕಡೆ ಹೀಗೇ. ಕಟಿಂಗ್ ಒಂದು ಕಡೆ, ಹೊಲಿಗೆ ಇನ್ನೊಂದು ಮನೆಯಲ್ಲಿ, ವಾಷಿಂಗ್ ಮತ್ತೊಂದು ಕಡೆ. ಪೀಸ್ ಲೆಕ್ಕದ ಕೂಲಿ. ಒಂದು ಪ್ಯಾಂಟಿಗೆ ಇಷ್ಟು ಜನ ದುಡಿದರೂ ಕಾಯ್ದೆಯ ಕಣ್ಣಿಗೆ ಕಾರ್ಖಾನೆ ಅಂತ ಯಾವುದೂ ಕಾಣಲ್ಲ.

ಸಿಂಧನೂರು ಭತ್ತ

ಸ್ವಲ್ಪ ನಮ್ಮ ಕಡೆಯೂ ನೋಡಿ. ಯಶಸ್ವಿನಿ ಅನ್ನುವುದು ಇದೇ ರಾಜ್ಯದಲ್ಲಿ, ರೈತರ ಸಹಕಾರ ಸಂಘಗಳ ಮೂಲಕ ಹುಟ್ಟಿದ್ದು. ಡಾ. ದೇವಿ ಶೆಟ್ಟಿಯವರ ಯೋಚನೆ. 2003ರಲ್ಲಿ ಚಿಕಿತ್ಸೆ ಶುರುವಾದಾಗ ತಲೆಗೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ಸೊಸೈಟಿ ಕಾರ್ಯದರ್ಶಿಯೇ ಕಟ್ಟಿಸಿಕೊಂಡು ರಸೀದಿ ಕೊಡುತ್ತಿದ್ದರು. 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ಕರಗಿಸಿಬಿಟ್ಟರು. ರೈತರು ಬಿಡಲಿಲ್ಲ, 2022ರ ಕೊನೆಗೆ ಮತ್ತೆ ನೋಂದಣಿ ಶುರುವಾಯಿತು. ಈಗ ಹಳ್ಳಿಯ ಸದಸ್ಯರಿಗೆ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ಪಟ್ಟಣದ ಸಂಘದವರಿಗೆ 1000.

ಇದರಲ್ಲಿ ನನಗೆ ಹಿಡಿಸುವುದು ಏನು ಗೊತ್ತಾ? ದುಡ್ಡು ಕಟ್ಟಿದವನು ಎದೆ ಸೆಟೆಸಿ ಕೇಳುತ್ತಾನೆ. ಸೊಸೈಟಿಗೆ ಹೋಗಿ ಕಾರ್ಯದರ್ಶಿಯನ್ನೇ ಹಿಡಿದು ಕೂರಿಸುತ್ತಾನೆ. ಟ್ರಸ್ಟ್ ಎಲ್ಲಿದೆ ಅಂತ ಬಿಪಿಎಲ್‌ನವನಿಗೆ ಗೊತ್ತಾ? ಆದರೆ ಜಮೀನಿಲ್ಲದ ಕೂಲಿಯವರು ಸೊಸೈಟಿ ಸದಸ್ಯರೇ ಅಲ್ಲ, ಅದು ಇದರ ಕೊರತೆ. ನಮ್ಮ ಗದ್ದೆಯಲ್ಲಿ ನಾಟಿ ಹಚ್ಚುವವರೇ ಹೊರಗೆ.

ಸಿಸ್ಟರ್, ಗಂಗಾವತಿ

ಇಷ್ಟೆಲ್ಲ ಬಂತು, ಕೌಲ್‌ಬಜಾರ್ ಅಣ್ಣನ ಅವ್ವನ ಮಾತು ಬಿಟ್ಟೇ ಹೋಯಿತು. ಶುಗರ್, ಬಿಪಿ ಅಂದರೆ ದಿನದ ಮಾತ್ರೆ, ತಿಂಗಳ ಟೆಸ್ಟ್. ಇದಕ್ಕೆ ಆಯುಷ್ಮಾನ್ ಕಾರ್ಡೂ ಬರಲ್ಲ, ಸಾಮಾನ್ಯ ಮೆಡಿಕ್ಲೇಮೂ ಬರಲ್ಲ. ಅಡ್ಮಿಟ್ ಆದರೆ ಮಾತ್ರ ದುಡ್ಡು. ಆರೋಗ್ಯದ ಒಟ್ಟು ಖರ್ಚಿನಲ್ಲಿ ಜನ ಕೈಯಿಂದ ಹಾಕುವ ಪಾಲು ಇಳಿದಿದೆ ಅಂತ ಸರ್ಕಾರವೇ ಹೇಳುತ್ತೆ. 2013-14ರಲ್ಲಿ ಶೇ. 64 ಇತ್ತು, 2021-22ರಲ್ಲಿ ಶೇ. 39. ಇಳಿದರೂ ಸಣ್ಣದೇನಲ್ಲ. ಅದರಲ್ಲಿ ದೊಡ್ಡ ಪಾಲು ಮೆಡಿಕಲ್ ಶಾಪ್‌ಗೇ. ಮಾತ್ರೆ ಬಿಟ್ಟವರೇ ಆಮೇಲೆ ಪಾರ್ಶ್ವವಾಯು, ಕಿಡ್ನಿ ಅಂತ 5 ಲಕ್ಷದ ಕಾರ್ಡ್ ಹಿಡಿದು ನಮ್ಮಲ್ಲಿಗೆ ಬರೋದು. ಮಾತ್ರೆಗೆ ಕೊಡದೆ ಉಳಿಸಿದ್ದನ್ನು ಸರ್ಕಾರ ಡಯಾಲಿಸಿಸ್‌ಗೆ ಕೊಡುತ್ತಿದೆ.

ತಾಲೂಕು ಮಟ್ಟದಲ್ಲಿ ಕೊಟ್ಟರೆ ಏನಾಗುತ್ತೆ ಅನ್ನುವುದಕ್ಕೆ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ನೋಡಿ. ಎದೆನೋವು ಅಂತ ಬಂದವರಿಗೆ ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ, ಅದನ್ನು ದೂರದಿಂದ ಹೃದಯದ ಡಾಕ್ಟರ್ ನೋಡುತ್ತಾರೆ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ, ಪುಕ್ಕಟೆ. ಹೊರಗೆ ಸಾವಿರಾರು ರೂಪಾಯಿಯ ಇಂಜೆಕ್ಷನ್ ಅದು. ಇಲ್ಲಿ ಕಾರ್ಡ್ ಇಲ್ಲ, ಚೀಟಿ ಇಲ್ಲ, ಪ್ಯಾಕೇಜ್ ಇಲ್ಲ. ಸರ್ಕಾರದ ಪಾಲು ಎಷ್ಟಿರಬೇಕು ಅಂತ ಕೇಳಿದಿರಲ್ಲ, ನನ್ನ ಉತ್ತರ ಇದು. ಮೊದಲು ಇಂಥದ್ದಕ್ಕೆ ದುಡ್ಡು, ಆಮೇಲೆ ಕಾರ್ಡಿಗೆ.

ಲೆಕ್ಕಪತ್ರ, ಸತ್ಯನಾರಾಯಣಪೇಟೆ, ಬಳ್ಳಾರಿ

ಸಿಸ್ಟರ್ ಮಾತು ಚೆನ್ನಾಗಿದೆ. ಆದರೆ ಸರ್ಕಾರವೇ ಕೊಟ್ಟರೆ ಸರಿ ಇರುತ್ತೆ ಅಂತ ಬಳ್ಳಾರಿಯವರಿಗೆ ಹೇಗೆ ಹೇಳ್ತೀರಿ? 2024ರ ನವೆಂಬರ್‌ನಲ್ಲಿ ಇಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಡ್ರಿಪ್‌ಗೆ ಹಾಕುವ ರಿಂಗರ್ ಲ್ಯಾಕ್ಟೇಟ್ ಬಾಟಲಿಗಳ ಮೇಲೆ ಅನುಮಾನ ಬಂತು. ರಾಜ್ಯದ ಔಷಧ ನಿಯಂತ್ರಕರ ಅಮಾನತಿಗೆ ಮುಖ್ಯಮಂತ್ರಿ ಆದೇಶ ಮಾಡಿದರು. ಅದೂ ಸರ್ಕಾರವೇ ಕೊಂಡು, ಸರ್ಕಾರವೇ ಕೊಟ್ಟ ಬಾಟಲಿ.

ಸಿಸ್ಟರ್, ಗಂಗಾವತಿ

ಆ ಸುದ್ದಿ ಬಂದ ವಾರ ನಮ್ಮ ವಾರ್ಡಿನಲ್ಲಿ ಡ್ರಿಪ್ ಹಾಕುವಾಗ ಬಾಟಲಿ ಯಾವ ಕಂಪನಿದು ಅಂತ ಪ್ರತಿಯೊಬ್ಬರೂ ಕೇಳುತ್ತಿದ್ದರು. ನಿಮ್ಮ ಮಾತು ಮರೆಸುವಂಥದ್ದಲ್ಲ. ಆದರೆ ಅದರಿಂದ ನೀವು ತೆಗೆಯುವ ಅರ್ಥ ಬೇರೆ, ನಾನು ತೆಗೆಯುವ ಅರ್ಥ ಬೇರೆ. ಆ ಬಾಣಂತಿಯರ ಹತ್ತಿರ ಕಾರ್ಡ್ ಇದ್ದರೂ ಬಾಟಲಿ ಅದೇ ಇರುತ್ತಿತ್ತು. ಬಾಟಲಿ ಪರೀಕ್ಷೆ ಮಾಡುವ ಲ್ಯಾಬು, ಅದಕ್ಕೆ ಜನ, ಖರೀದಿಯಲ್ಲಿ ಬಿಗಿ, ಇದು ಯಾವ ವಿಮೆಯೂ ಮಾಡದ ಕೆಲಸ. ತಮಿಳುನಾಡು 1990ರ ದಶಕದಲ್ಲೇ ಔಷಧಿ ಖರೀದಿಗೆ ನಿಗಮ ಕಟ್ಟಿ ತೋರಿಸಿದೆ. ನಮ್ಮಲ್ಲಿ ಆಗಲ್ಲ ಅಂತ ಯಾಕೆ ಅನ್ನಬೇಕು?

ಮೇಷ್ಟ್ರು, ಲಿಂಗಸುಗೂರು

2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರ ಹೊತ್ತಿಗೆ ಸರ್ಕಾರಗಳ ಆರೋಗ್ಯ ವೆಚ್ಚ ಜಿಡಿಪಿಯ ಶೇ. 2.5 ಆಗಬೇಕು ಅಂದಿತ್ತು. 2021-22ರಲ್ಲಿ, ಅದೂ ಕೋವಿಡ್ ಖರ್ಚು ಸೇರಿ, ಶೇ. 1.84. ಕಾರ್ಡೋ ಆಸ್ಪತ್ರೆಯೋ ಅಂತ ನಾವು ಕಿತ್ತಾಡುತ್ತಿರುವುದು ಈ ಚಿಕ್ಕ ಗಂಟಿಗೆ.

ಕೌಲ್‌ಬಜಾರ್ ಹೊಲಿಗೆ, ಬಳ್ಳಾರಿ

ಎಲ್ಲರಿಗೂ ಧನ್ಯವಾದ. ರಸೀದಿ ತೆಗೆದು ನೋಡಿದೆ. ಅವ್ವನಿಗೆ 64, ಕಂತು ಏರಿರುವುದು ಶೇ. 10ಕ್ಕಿಂತ ಜಾಸ್ತಿಯೇ. ಏಜೆಂಟ್ ಸರ್, ಇದನ್ನು ಯಾರಿಗೆ ಬರೆಯಬೇಕು? ಬೇರೆ ಕಂಪನಿಗೆ ಹೋದರೆ ಕಾಯುವ ಅವಧಿ ಮತ್ತೆ ಮೊದಲಿನಿಂದ ಶುರುವಾಗುತ್ತಾ?

ವಿಮೆ ಏಜೆಂಟ್, ಸಿರುಗುಪ್ಪ

ಮೊದಲು ಕಂಪನಿಯ ದೂರು ಅಧಿಕಾರಿಗೆ ಬರಹದಲ್ಲಿ ಕೊಡಿ. ಉತ್ತರ ಸರಿ ಬರದಿದ್ದರೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ಹಾಕಿ. ಪೋರ್ಟ್ ಮಾಡಿದರೆ, ಅಂದರೆ ಪಾಲಿಸಿಯನ್ನು ಬೇರೆ ಕಂಪನಿಗೆ ಬದಲಿಸಿದರೆ, ಈಗಾಗಲೇ ಕಾದ ವರ್ಷಗಳು ಹಳೇ ವಿಮಾ ಮೊತ್ತದ ಮಟ್ಟಿಗೆ ಜೊತೆಗೇ ಬರುತ್ತವೆ. ಆದರೆ ರಿನೀವಲ್ ದಿನ ಹತ್ತಿರ ಬಂದಿದ್ದರೆ ಹೊಸ ಕಂಪನಿ ಅರ್ಜಿ ತಗೊಳ್ಳದೆ ಇರಬಹುದು. ಏನೇ ಆಗಲಿ, ಹೊಸದು ಕೈಗೆ ಬರುವ ತನಕ ಹಳೇದನ್ನು ಬಿಡಬೇಡಿ. ಪಾಲಿಸಿಯ ಪ್ರತಿ ನನಗೆ ಕಳಿಸಿ, ನೋಡಿ ಹೇಳುತ್ತೇನೆ. ಕಮಿಷನ್ ಬೇಡ.

ಒಪೆಕ್ ರೋಡ್, ರಾಯಚೂರು

ಕಮಿಷನ್ ಬೇಡ ಅಂದ ಏಜೆಂಟರನ್ನು ಇವತ್ತೇ ನೋಡಿದ್ದು! ಅವ್ವನ ಮಾತ್ರೆಗೆ ನಿಮ್ಮ ಏರಿಯಾದ ಸರ್ಕಾರಿ ಆರೋಗ್ಯ ಕೇಂದ್ರಕ್ಕೂ ಒಮ್ಮೆ ಹೋಗಿ ಅಣ್ಣ. ಶುಗರ್, ಬಿಪಿ ಮಾತ್ರೆ ಅಲ್ಲಿ ಪುಕ್ಕಟೆ ಕೊಡಬೇಕು. ಸ್ಟಾಕ್ ಇಲ್ಲ ಅಂದರೆ 104ಕ್ಕೆ ಫೋನ್ ಮಾಡಿ ದೂರು ಬರೆಸಿ, ನಂಬರ್ ಇಟ್ಟುಕೊಂಡು ಇಲ್ಲಿ ಹಾಕಿ.